ಬಚ್ಚಲುಮನೆಯ ಆಸಿಡ್ ಬಾಟಲಿ ಮೊದಲು ಹೊರಗೆ ಹೋಗಲಿ. ಅದರ ಬದಲು ನೀವು ಏನು ಬಳಸುತ್ತೀರಿ?

ಹಿತ್ತಲ ಬಾಗಿಲು (ಮೈಸೂರು)

ನೇರ ವಿಷಯಕ್ಕೆ ಬರುತ್ತೇನೆ. ಫಿನಾಯಿಲ್ ಒಳ್ಳೆಯದಾ, ಬಣ್ಣದ ಫ್ಲೋರ್ ಕ್ಲೀನರ್ ಒಳ್ಳೆಯದಾ, ಎಲ್ಲ ಬಿಟ್ಟು ಸೀಗೆಪುಡಿಗೆ ವಾಪಸ್ ಹೋಗಬೇಕಾ ಅಂತ ಇಲ್ಲಿ ಆಗಾಗ ಮಾತು ಬರುತ್ತೆ. ನನ್ನ ಪ್ರಕಾರ ಅದೆಲ್ಲ ಆಮೇಲೆ. ಮೊದಲು ಹೋಗಬೇಕಾದದ್ದು ಬಚ್ಚಲುಮನೆ ಮೂಲೆಯಲ್ಲಿ ನಿಂತಿರುವ ಆಸಿಡ್ ಬಾಟಲಿ. ಸೈಕಲ್ ಮೇಲೆ, ತಳ್ಳುಗಾಡಿಯಲ್ಲಿ ಫಿನಾಯಿಲ್ ಜೊತೆ ಕೂಗಿಕೊಂಡು ಮಾರುತ್ತಾರಲ್ಲ, ಅದೇ. ಮೇಲೆ ಚೀಟಿ ಇರುವುದಿಲ್ಲ. ಎಷ್ಟು ಗಟ್ಟಿ ಅಂತ ಗೊತ್ತಾಗುವುದಿಲ್ಲ. ತಯಾರಿಸಿದವರು ಯಾರು ಅನ್ನುವುದೂ ಇಲ್ಲ. ಒಳಗಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಗಟ್ಟಿ ಇದ್ದರೆ ಮುಚ್ಚಳ ತೆಗೆದ ಕೂಡಲೇ ಬಾಯಿಂದ ಬಿಳಿ ಹೊಗೆ ಏಳುತ್ತದೆ, ಮೂಗು ಉರಿಯುತ್ತದೆ.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ದಾಳಿ ಪ್ರಕರಣವೊಂದರಲ್ಲಿ ಇದರ ಮಾರಾಟಕ್ಕೆ ಕಟ್ಟುನಿಟ್ಟು ಮಾಡಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಪುಸ್ತಕದಲ್ಲಿ ಬರೆದುಕೊಳ್ಳಬೇಕು, 18 ತುಂಬದವರಿಗೆ ಮಾರಬಾರದು. ನಮ್ಮ ಬೀದಿಯಲ್ಲಂತೂ ಯಾರೂ ಯಾರ ಚೀಟಿಯನ್ನೂ ಕೇಳಿದ್ದು ನಾನು ನೋಡಿಲ್ಲ.

ಇದನ್ನು ಈಗ ಬರೆಯಲು ಕಾರಣ ಇದೆ. ಎದುರು ಮನೆಗೆ ಕೆಲಸಕ್ಕೆ ಬರುವ ಅಕ್ಕ ಹಬ್ಬದ ಮುಂಚೆ ಬಚ್ಚಲು ಉಜ್ಜಲು ಕೂತಿದ್ದರು. ಮೊದಲು ನೆಲಕ್ಕೆಲ್ಲ ಬ್ಲೀಚಿಂಗ್ ಪೌಡರ್ ಉದುರಿಸಿದ್ದಾರೆ. ಹಳದಿ ಕಲೆ ಬಿಡಲಿಲ್ಲ ಅಂತ ಅದರ ಮೇಲೇ ಆಸಿಡ್ ಸುರಿದಿದ್ದಾರೆ. ಪುಟ್ಟ ಬಚ್ಚಲು, ಗೂಡಿನಷ್ಟು ಕಿಟಕಿ. ಪೂಜೆ ಸಾಮಾನು ಹಾಲ್‌ನಲ್ಲಿ ಇಟ್ಟಿದ್ದರಿಂದ ನೀರು ಸಿಡಿಯದಿರಲಿ ಅಂತ ಬಾಗಿಲೂ ಹಾಕಿಕೊಂಡಿದ್ದರು. ಕೆಮ್ಮಿಕೊಂಡು, ಕಣ್ಣು ಬಿಡಲಾಗದೆ ಗೋಡೆ ಹಿಡಿದು ಹೊರಗೆ ಬಂದರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ರಾತ್ರಿ ಇಟ್ಟುಕೊಂಡರು. ಈಗ ಮನೆಗೆ ಬಂದಿದ್ದಾರೆ, ಮೆಟ್ಟಿಲು ಹತ್ತಿದರೆ ಇನ್ನೂ ಕೆಮ್ಮು. "ಎರಡೂ ಹಾಕಿದರೆ ಜಾಸ್ತಿ ಬೆಳ್ಳಗಾಗುತ್ತೆ ಅಂತ ಬೇರೆ ಮನೆಯವರು ಹೇಳಿಕೊಟ್ಟಿದ್ದರು" ಅಂದರು ಪಾಪ.

ನನಗೆ ಎರಡು ವಿಷಯ ಬೇಕು. ಒಂದು, ಗಡಸು ನೀರಿನ ಹಳದಿ ಕಲೆಗೆ ಆಸಿಡ್ ಇಲ್ಲದೆ ನಿಜವಾಗಿ ಕೆಲಸ ಮಾಡುವ ದಾರಿ. ಎರಡು, "ನ್ಯಾಚುರಲ್" ಅಂತ ಹೇಳುವುದರಲ್ಲಿ ಯಾವುದು ನಿಜ, ಯಾವುದು ಸುಮ್ನೆ ಮಾತು. ಬಳಸಿ ನೋಡಿದವರು ಬರೆಯಿರಿ.

ಮೂರನೇ ಮಹಡಿ (ಬೆಂಗಳೂರು)

ಮೇಡಂ, ಆ ಅಕ್ಕನ ವಿಷಯ ಓದಿ ಬೇಜಾರಾಯಿತು. ಆದರೆ ನಮ್ಮ ಕಡೆಯ ಕಷ್ಟವನ್ನೂ ಕೇಳಿ. ನಮ್ಮದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ ತುದಿಯಲ್ಲಿ ಸುಣ್ಣದ ಹಾಗೆ ಬಿಳಿ ಕಟ್ಟುತ್ತೆ, ಕಮೋಡಿನಲ್ಲಿ ನೀರು ನಿಲ್ಲುವ ಜಾಗದಲ್ಲಿ ಕಂದು ಗೆರೆ. ಅಡಿಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದರೆ ಹೊಳೆಯುತ್ತೆ ಅಂತ ವಿಡಿಯೋದಲ್ಲಿ ತೋರಿಸುತ್ತಾರೆ. ನೊರೆ ಚೆನ್ನಾಗಿ ಬಂತು, ಕಲೆ ಅಲ್ಲೇ ಇತ್ತು. ಕೊನೆಗೆ ಕೆಲಸದವರೇ ಆಸಿಡ್ ಕೇಳುತ್ತಾರೆ. ತಂದುಕೊಡದಿದ್ದರೆ ಅರ್ಧ ದಿನ ಉಜ್ಜಬೇಕು ಅನ್ನುತ್ತಾರೆ. ಅವರು ಹೇಳುವುದೂ ಸರಿ ಅಲ್ವಾ?

ಕಪ್ಪು ಹಲಗೆ (ದಾವಣಗೆರೆ)

ರಸಾಯನಶಾಸ್ತ್ರ ಪಾಠ ಮಾಡುವವನು ನಾನು, ಹಾಗಾಗಿ ಎರಡೂ ಪ್ರಶ್ನೆಗೆ ಉತ್ತರಿಸುತ್ತೇನೆ.

ಮೊದಲು ಆ ಅಕ್ಕನಿಗೆ ಆದದ್ದು. ಬ್ಲೀಚಿಂಗ್ ಪೌಡರ್‌ನಲ್ಲಿ ಹೈಪೋಕ್ಲೋರೈಟ್ ಇರುತ್ತದೆ. ಅದಕ್ಕೆ ಆಸಿಡ್ ತಗುಲಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲದ ಹತ್ತಿರವೇ ಹರಡಿ ನಿಲ್ಲುತ್ತದೆ. ನಮ್ಮಲ್ಲಿ ಬಚ್ಚಲು ಉಜ್ಜುವವರು ಹೇಗೆ ಕೂರುತ್ತಾರೆ ನೋಡಿ. ಕುಕ್ಕರಗಾಲಿನಲ್ಲಿ, ಮುಖ ನೆಲಕ್ಕೆ ಬಗ್ಗಿಸಿ. ಅನಿಲ ಸೇರುವ ಜಾಗದಲ್ಲೇ ಅವರ ಮೂಗು ಇರುತ್ತದೆ. ಗೋಡೆಯ ಮೇಲ್ಭಾಗದಲ್ಲಿರುವ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆ ಅಂತ ಧೈರ್ಯ ಮಾಡಬೇಡಿ. ಕಣ್ಣು, ಗಂಟಲು, ಶ್ವಾಸಕೋಶದ ಪಸೆಗೆ ಕ್ಲೋರಿನ್ ತಾಗಿದರೆ ಅಲ್ಲೇ ಆಸಿಡ್ ಆಗುತ್ತದೆ. ಆಗಲೇ ಸುಧಾರಿಸಿಕೊಂಡಂತೆ ಕಂಡರೂ ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡಬಹುದು. ಆದ್ದರಿಂದ ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು.

ಇನ್ನು ಸೋಡಾ ಮತ್ತು ವಿನೆಗರ್. ಒಂದು ಕ್ಷಾರ, ಇನ್ನೊಂದು ಆಮ್ಲ. ಸೇರಿಸಿದರೆ ಒಂದನ್ನೊಂದು ಸಾಯಿಸುತ್ತವೆ. ನೊರೆ ಅಂದರೆ ಇಂಗಾಲದ ಡೈಆಕ್ಸೈಡ್, ಅಷ್ಟೇ. ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು, ಅದರಿಂದ ಯಾವ ಕಲೆಯೂ ಹೋಗುವುದಿಲ್ಲ. ಬೇರೆ ಬೇರೆಯಾಗಿ ಬಳಸಿ. ಸೋಡಾ ಜಿಡ್ಡಿಗೆ, ಉಜ್ಜುವುದಕ್ಕೆ. ಆಮ್ಲ ಸುಣ್ಣದ ಕಲೆಗೆ.

ನಿಮ್ಮ ಕಂದು ಗೆರೆಗೆ ವಿನೆಗರ್‌ಗಿಂತ ಸಿಟ್ರಿಕ್ ಆಸಿಡ್ ಪುಡಿ ವಾಸಿ. ಗ್ರಂಧಿಗೆ ಅಂಗಡಿಯಲ್ಲಿ, ಬೇಕರಿ ಸಾಮಾನು ಮಾರುವ ಕಡೆ ಸಕ್ಕರೆ ಹರಳಿನ ಹಾಗೆ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಕಮೋಡಿನ ನೀರನ್ನು ಮಗ್‌ನಿಂದ ಆದಷ್ಟು ಖಾಲಿ ಮಾಡಿ, ಮೂರು ನಾಲ್ಕು ಚಮಚ ಪುಡಿಯನ್ನು ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿ ಗೆರೆ ಮುಳುಗುವ ಹಾಗೆ ಸುರಿಯಿರಿ. ಬೆಳಿಗ್ಗೆ ಬ್ರಷ್ ಹಾಕಿ. ಹಳೆಯ ಕಲೆಯಾದರೆ ಒಂದೇ ಸಲಕ್ಕೆ ಹೋಗುವುದಿಲ್ಲ, ಪದರ ಪದರವಾಗಿ ಬಿಡುತ್ತದೆ. ನಲ್ಲಿಗಾದರೆ ಅದೇ ನೀರಿನಲ್ಲಿ ಬಟ್ಟೆ ನೆನೆಸಿ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ತೊಳೆಯಿರಿ. ಆಸಿಡ್ ಐದು ನಿಮಿಷದಲ್ಲಿ ಮಾಡುವುದನ್ನು ಇದು ಒಂದು ರಾತ್ರಿಯಲ್ಲಿ ಮಾಡುತ್ತದೆ, ಆದರೆ ಯಾರೂ ಅಲ್ಲಿ ಕೂತು ಉಸಿರಾಡಬೇಕಾಗಿಲ್ಲ.

ಅಂದ ಹಾಗೆ, ಆ ಆಸಿಡ್ ಟೈಲ್ಸ್ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ, ಸ್ಟೀಲಿನ ಜಾಲರಿಯನ್ನೂ ತಿನ್ನುತ್ತದೆ. ಕೆಳಗಿನ ಮನೆಯ ಚಾವಣಿಯಲ್ಲಿ ನೀರು ಜಿನುಗುವುದಕ್ಕೆ ಎಷ್ಟೋ ಕಡೆ ಇದೂ ಒಂದು ಕಾರಣ.

ಕಲ್ಬುರ್ಗಿ ಬಿಸಿಲು (ಕಲಬುರಗಿ)

ಸರ್, ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಮನೆ ನೆಲವೆಲ್ಲ ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು. ನಿಂಬೆಹಣ್ಣು, ವಿನೆಗರ್, ಸಿಟ್ರಿಕ್ ಆಸಿಡ್ ಯಾವುದು ಬಿದ್ದರೂ ಹೊಳಪು ಹೋಗಿ ಮಸುಕು ಮಚ್ಚೆ ಉಳಿಯುತ್ತದೆ. ನೈಸರ್ಗಿಕ ಅಂತ ಕಲ್ಲು ಬಿಡುವುದಿಲ್ಲ. ಕಡಪ ಕಲ್ಲಿನ ಅಡಿಗೆ ಕಟ್ಟೆಗೂ, ಮಾರ್ಬಲ್‌ಗೂ ಇದೇ ಮಾತು. ನಮ್ಮ ತಾಯಿ ನೆಲಕ್ಕೆ ಬರೀ ನೀರು, ಜಿಡ್ಡು ಇದ್ದ ಕಡೆ ಚೂರು ಸಾಬೂನು ನೀರು, ಅಷ್ಟೇ ಹಾಕುತ್ತಿದ್ದರು. ಆ ಕಲ್ಲು ಇವತ್ತಿಗೂ ಕನ್ನಡಿ ಹಾಗೆ ಇದೆ. ಕೆಂಪು ರೆಡ್ ಆಕ್ಸೈಡ್ ನೆಲ ಇರುವವರೂ ಹುಷಾರು, ಅದು ಸಿಮೆಂಟು.

ಮಲೆನಾಡ ಮಳೆ (ಶಿರಸಿ)

ನಮ್ಮ ಮನೆಯಲ್ಲಿ ಅಂಟುವಾಳಕಾಯಿ ಬಿಟ್ಟರೆ ಬೇರೆ ಇಲ್ಲ. ತೋಟದ ಅಂಚಿನಲ್ಲಿ ಮರ ಇದೆ. ಕಾಯಿ ಒಣಗಿಸಿ, ಬೀಜ ತೆಗೆದು, ಸಿಪ್ಪೆ ಇಟ್ಟುಕೊಳ್ಳುತ್ತೇವೆ. ರಾತ್ರಿ ಒಂದು ಮುಷ್ಟಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಲ್ಲಿ ಕುದಿಸಿ, ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ ಸೋಸಬೇಕು. ಕಂದು ಬಣ್ಣದ ಅಂಟು ನೀರು ಬರುತ್ತದೆ. ಪಾತ್ರೆ, ನೆಲ, ಸಿಂಕು ಎಲ್ಲಕ್ಕೂ ಆಗುತ್ತದೆ. ರೇಷ್ಮೆ ಸೀರೆಗೆ ಇದರಷ್ಟು ಮೆತ್ತನೆಯದು ಇನ್ನೊಂದಿಲ್ಲ. ಅಕ್ಕಸಾಲಿಗರು ಚಿನ್ನ ತೊಳೆಯುವುದೂ ಇದರಲ್ಲೇ. ಸಿಪ್ಪೆಯಲ್ಲಿ ಸಪೋನಿನ್ ಅನ್ನುವ ಅಂಶ ಇದೆ, ನೊರೆ ಬರುವುದು ಅದರಿಂದ. ಗಡಸು ನೀರಲ್ಲಿ ಸಾಬೂನು ಒಡೆದು ಬಿಳಿ ಜಿಗುಟು ಕಟ್ಟುತ್ತಲ್ಲ, ಇದರಲ್ಲಿ ಹಾಗಾಗುವುದಿಲ್ಲ.

ಆದರೆ ಅಂಗಡಿ ಲಿಕ್ವಿಡ್‌ನಷ್ಟು ನೊರೆ ಬರುವುದಿಲ್ಲ. ನೊರೆ ಕಡಿಮೆ ಅಂದರೆ ಕೊಳೆ ಹೋಗಿಲ್ಲ ಅಂದುಕೊಳ್ಳುತ್ತಾರೆ ಜನ. ಹೋಗಿರುತ್ತದೆ, ಕೈಯಿಂದ ಮುಟ್ಟಿ ನೋಡಿ. ಮಾಡಿಟ್ಟ ನೀರು ಹೊರಗೆ ಎರಡು ಮೂರು ದಿನಕ್ಕೆ ಹುಳಿಯುತ್ತದೆ, ಫ್ರಿಜ್‌ನಲ್ಲಿಟ್ಟರೆ ವಾರ ತಡೆಯುತ್ತದೆ. ಕಣ್ಣಿಗೆ ಬಿದ್ದರೆ ಜೋರು ಉರಿ, ಮಕ್ಕಳ ಕೈಗೆ ಕೊಡಬೇಡಿ. ಇನ್ನೊಂದು, ಕೆರೆ ಬಾವಿ ಹತ್ತಿರ ಸುರಿಯಬೇಡಿ. ಮೀನಿಗೆ ಇದು ವಿಷ.

ಮಳೆಗಾಲದ ಬೂಸ್ಟಿಗೆ ಮಾತ್ರ ಅಂಟುವಾಳ ಸಾಲದು. ಬಿಸಿಲು ಕಂಡ ದಿನ ಬಾಗಿಲು ಕಿಟಕಿ ತೆಗೆದಿಡುವುದೇ ಮುಖ್ಯ. ಕಪಾಟಿನ ಒಳಗೆ ಕಟ್ಟಿದ ಬೂಸ್ಟನ್ನು ವಿನೆಗರ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಮುಚ್ಚುತ್ತೇವೆ. ಒದ್ದೆ ಇದ್ದಾಗಲೇ ಬಾಗಿಲು ಹಾಕಿದರೆ ಮತ್ತೆ ಅದೇ ಕಥೆ.

ಹಿತ್ತಲ ಬಾಗಿಲು

ಎಲ್ಲರಿಗೂ ಧನ್ಯವಾದ. ಕಪ್ಪು ಹಲಗೆ ಸರ್, ಕುಕ್ಕರಗಾಲಿನ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಇದನ್ನು ಪ್ರಿಂಟ್ ಹಾಕಿ ನಮ್ಮ ಬೀದಿಯಲ್ಲಿ ಹಂಚಬೇಕು ಅನಿಸಿತು. ಮೈಸೂರಲ್ಲಿ ಅಂಟುವಾಳ ಸಿಗುತ್ತೆ, ಗ್ರಂಧಿಗೆ ಅಂಗಡಿಯಲ್ಲಿ ನೊರೆಕಾಯಿ ಅಂತ ಕೇಳಿದರೆ ಕೊಡುತ್ತಾರೆ.

ಒಂದು ಪ್ರಶ್ನೆ. ಮನೆಯಲ್ಲಿ ಮಗು ಅಥವಾ ವಯಸ್ಸಾದವರು ಇದ್ದರೆ ಫಿನಾಯಿಲ್ ಹಾಕಿ ಒರೆಸದಿದ್ದರೆ ರೋಗ ಬರುತ್ತೆ ಅಂತ ನಮ್ಮ ಅತ್ತೆ ಹೆದರುತ್ತಾರೆ. ಅವರಿಗೆ ಏನು ಹೇಳಲಿ?

ಬಿಳಿ ಕೋಟು (ಮಂಗಳೂರು)

ನರ್ಸ್ ಆಗಿ ಕೆಲಸ ಮಾಡುತ್ತೇನೆ. ಅತ್ತೆಯವರ ಹೆದರಿಕೆಯನ್ನು ತಳ್ಳಿಹಾಕಬೇಡಿ ಅಕ್ಕ, ಅದಕ್ಕೆ ಅರ್ಥ ಇದೆ. ಆದರೆ ಆಸ್ಪತ್ರೆ ಬೇರೆ, ಮನೆ ಬೇರೆ. ಆರೋಗ್ಯವಂತರು ಇರುವ ಮನೆಯ ನೆಲಕ್ಕೆ ದಿನಾ ಕ್ರಿಮಿನಾಶಕ ಬೇಕಿಲ್ಲ. ಸಾಬೂನು ನೀರಲ್ಲಿ ಉಜ್ಜಿ, ಒರೆಸಿ, ಒಣಗಲು ಬಿಟ್ಟರೆ ಸಾಕು. ಕೊಳೆಯ ಜೊತೆ ಕ್ರಿಮಿಯೂ ಹೋಗುತ್ತದೆ. ಒರೆಸುವ ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕಿ, ಅದು ಫಿನಾಯಿಲ್‌ಗಿಂತ ಮುಖ್ಯ. ವಾರಗಟ್ಟಲೆ ಬಕೆಟ್‌ನಲ್ಲೇ ಕೊಳೆತ ಬಟ್ಟೆಯಲ್ಲಿ ನೆಲ ಒರೆಸಿ ಮೇಲೆ ಘಮ ಬರಿಸಿದರೆ ಏನು ಪ್ರಯೋಜನ?

ಯಾರಿಗಾದರೂ ವಾಂತಿ ಭೇದಿ ಆಗಿದ್ದಾಗ, ರಕ್ತ ಬಿದ್ದಾಗ ಮಾತ್ರ ಬ್ಲೀಚ್ ಬೇಕೇ ಬೇಕು. ಆಗ ವಿನೆಗರ್, ಬೇವಿನ ಸೊಪ್ಪಿನ ನೀರು ಅಂತ ಕೂರಬೇಡಿ, ಇದನ್ನು ಖಡಾಖಂಡಿತ ಹೇಳುತ್ತೇನೆ. ಮೊದಲು ಗಲೀಜು ತೆಗೆದು ಸಾಬೂನಿನಲ್ಲಿ ತೊಳೆಯಿರಿ. ಆಮೇಲೆ ಬ್ಲೀಚ್ ನೀರು. 5% ಸೋಡಿಯಂ ಹೈಪೋಕ್ಲೋರೈಟ್ ಅಂತ ಬಾಟಲಿ ಮೇಲೆ ಇದ್ದರೆ ಅದರ 1 ಭಾಗಕ್ಕೆ 49 ಭಾಗ ನೀರು ಸೇರಿಸಿದರೆ 0.1% ಆಗುತ್ತದೆ. ಸಾಮಾನ್ಯ ಜಾಗಕ್ಕೆ ಇದು ಸಾಕು. ರಕ್ತ, ವಾಂತಿ ಬಿದ್ದ ಜಾಗಕ್ಕೆ 1 ಭಾಗಕ್ಕೆ 9 ಭಾಗ ನೀರು, ಅಂದರೆ 0.5%. ತಣ್ಣೀರಲ್ಲೇ ಕಲಸಿ, ಕಿಟಕಿ ತೆಗೆದಿಡಿ, ಕೈಗವಸು ಹಾಕಿಕೊಳ್ಳಿ, ಅವತ್ತಿನದು ಅವತ್ತೇ ಮುಗಿಸಿ.

ಕೋವಿಡ್ ಸಮಯದಲ್ಲಿ ಇದು ಹೇಗೆ ಅತಿಯಾಯಿತು ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ವಾಪಸ್ ಬಂದ ಕೂಲಿ ಕಾರ್ಮಿಕರನ್ನು ರಸ್ತೆಯಲ್ಲಿ ಕೂರಿಸಿ ಮೈಮೇಲೆ ಹೈಪೋಕ್ಲೋರೈಟ್ ನೀರು ಹೊಡೆದರು. ಮುಂದಿನ ತಿಂಗಳು ಕೇಂದ್ರ ಆರೋಗ್ಯ ಸಚಿವಾಲಯವೇ ಜನರ ಮೇಲೆ ಹೀಗೆ ಸಿಂಪಡಿಸಬೇಡಿ ಅಂತ ಹೇಳಬೇಕಾಯಿತು. ತರಕಾರಿಯನ್ನು ಸಾಬೂನು ನೀರಲ್ಲಿ, ಬ್ಲೀಚಲ್ಲಿ ಮುಳುಗಿಸಿದವರೂ ಇದ್ದರು. ದಯವಿಟ್ಟು ಬೇಡ, ಹರಿಯುವ ನೀರಲ್ಲಿ ತೊಳೆದರೆ ಸಾಕು.

ಬಾಣಂತಿ ಮನೆ ಇರುವವರಿಗೆ ಇದು. ಕೂಸನ್ನು ಸುತ್ತಲು ಅಜ್ಜಿಯ ಹಳೆ ಹತ್ತಿ ಸೀರೆ ತೆಗೆಯುತ್ತೇವಲ್ಲ, ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ವರ್ಷಗಟ್ಟಲೆ ಇಟ್ಟದ್ದು. ಆ ಗುಳಿಗೆ ನ್ಯಾಫ್ತಲೀನ್. ಕೆಲವು ಮಕ್ಕಳಲ್ಲಿ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದ ಇರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಂಥ ಕೂಸಿಗೆ ಆ ಬಟ್ಟೆಯ ವಾಸನೆ, ಸ್ಪರ್ಶವೇ ಕೆಂಪು ರಕ್ತಕಣ ಒಡೆಯಲು ಸಾಕಾಗಬಹುದು. ಕಾಮಾಲೆ ಜೋರಾಗುತ್ತದೆ. ಯುರೋಪಿನಲ್ಲಿ 2008ರಿಂದ ಈ ಗುಳಿಗೆ ಮಾರುವ ಹಾಗಿಲ್ಲ. ಇಲ್ಲಿ ಸ್ನಾನದ ಮನೆಯ ಬೇಸಿನ್ನಿನಲ್ಲೂ ಹಾಕುತ್ತಾರೆ. ಕೂಸಿನ ಬಟ್ಟೆಗೆ ಇದು ಬೇಡವೇ ಬೇಡ. ಒಣಗಿದ ಬೇವಿನ ಸೊಪ್ಪು, ಲಾವಂಚದ ಬೇರು ಇಡಿ, ವರ್ಷಕ್ಕೆ ಎರಡು ಮೂರು ಸಲ ಬಿಸಿಲಿಗೆ ಹಾಕಿ. ತೆಗೆದ ಸೀರೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ.

ಆಸಿಡ್, ಫಿನಾಯಿಲ್ ಅಂಥದ್ದನ್ನು ಯಾರಾದರೂ ಕುಡಿದುಬಿಟ್ಟರೆ: ವಾಂತಿ ಮಾಡಿಸಬೇಡಿ, ಉಪ್ಪು ನೀರು ಕುಡಿಸಬೇಡಿ. ಸುಡುವ ವಸ್ತು ಹೋಗುವಾಗ ಒಂದು ಸಲ ಸುಟ್ಟಿರುತ್ತದೆ, ವಾಪಸ್ ಬರುವಾಗ ಇನ್ನೊಂದು ಸಲ ಸುಡುತ್ತದೆ. ಬಾಟಲಿ ಜೊತೆಗೇ ತೆಗೆದುಕೊಂಡು ಆಸ್ಪತ್ರೆಗೆ ಓಡಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರ 1800 116 117, ಹಗಲು ರಾತ್ರಿ ಇರುತ್ತದೆ. ಕಣ್ಣಿಗೆ ಬಿದ್ದರೆ ಕಾಲು ಗಂಟೆಗೂ ಜಾಸ್ತಿ ಹೊತ್ತು ನಲ್ಲಿ ನೀರು ಬಿಡಿ, ಆಮೇಲೆ ಹೊರಡಿ. ಮತ್ತೆ ಜ್ಯೂಸ್, ಸೋಡಾ, ನೀರಿನ ಬಾಟಲಿಗೆ ಫಿನಾಯಿಲ್ ಆಸಿಡ್ ತುಂಬಿಡುವ ಅಭ್ಯಾಸ ಇವತ್ತೇ ಬಿಡಿ. ಮಕ್ಕಳಿಗೆ ಆಗುವ ಇಂಥ ಅನಾಹುತ ಬಹಳಷ್ಟು ಶುರುವಾಗುವುದೇ ಅಲ್ಲಿ.

ನಾಲ್ಕು ಬೆಕ್ಕು (ಹುಬ್ಬಳ್ಳಿ)

ಬೆಕ್ಕು ಸಾಕಿದವರಿಗೆ ಒಂದು ಮಾತು. ಕಪ್ಪು ಫಿನಾಯಿಲ್‌ನಲ್ಲಿ ಫಿನಾಲ್ ಜಾತಿಯ ವಸ್ತು ಇರುತ್ತದೆ. ಬೆಕ್ಕಿನ ಪಿತ್ತಜನಕಾಂಗ ಅದನ್ನು ಅರಗಿಸಲಾರದು. ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಕೂತು ಪಾದ ನೆಕ್ಕುತ್ತದೆ. ಹಾಗೇ ಹೊಟ್ಟೆಗೆ ಹೋಗುತ್ತದೆ. ಜೊಲ್ಲು ಸುರಿಸುತ್ತಾ ತೂರಾಡುತ್ತಿದ್ದರೆ ನೆಲಕ್ಕೆ ಏನು ಹಾಕಿದ್ದೀರಿ ಅಂತ ಮೊದಲು ನೆನಪಿಸಿಕೊಳ್ಳಿ, ಡಾಕ್ಟರಿಗೂ ಹೇಳಿ. ಬಿಳಿ ಫಿನಾಯಿಲ್ ಗಿಡದಿಂದ ಬಂದದ್ದು, ಪೈನ್ ಎಣ್ಣೆಯದ್ದು ಅಂತ ಮಾರುತ್ತಾರೆ. ಅದೂ ಬೆಕ್ಕಿಗೆ ಆಗುವುದಿಲ್ಲ. ಟೀ ಟ್ರೀ ಎಣ್ಣೆಯಂತೂ ಹತ್ತಿರ ತರಬೇಡಿ.

ಸಿಪ್ಪೆ ಡಬ್ಬಿ (ಬೆಂಗಳೂರು)

ಬಯೋಎಂಜೈಮ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಥಾಯ್ಲೆಂಡ್‌ನಲ್ಲಿ ಶುರುವಾದ ಪದ್ಧತಿ, ಈಗ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಮಾಡುತ್ತಾರೆ. ಬೆಲ್ಲ 1 ಭಾಗ, ಕಿತ್ತಳೆ, ಮೂಸಂಬಿ, ನಿಂಬೆ ಸಿಪ್ಪೆ 3 ಭಾಗ, ನೀರು 10 ಭಾಗ. ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮೇಲೆ ಸ್ವಲ್ಪ ಜಾಗ ಬಿಟ್ಟು ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಗಾಜಿನ ಬಾಟಲಿ ಬೇಡ, ಸಿಡಿಯುತ್ತದೆ. ಸೋಸಿದ ಮೇಲೆ ಹುಳಿ ಹುಳಿ ವಾಸನೆಯ ಕಂದು ನೀರು ಬರುತ್ತದೆ. ಒಂದು ಬಕೆಟ್ ನೀರಿಗೆ ಒಂದು ಸಣ್ಣ ಲೋಟ ಹಾಕಿ ನೆಲ ಒರೆಸುತ್ತೇನೆ. ಅಂಟುವಾಳದ ನೀರಿನ ಜೊತೆ ಸೇರಿಸಿದರೆ ಪಾತ್ರೆಗೂ ಆಗುತ್ತದೆ.

ನನಗೆ ಇದರ ಮೇಲೆ ಪ್ರೀತಿ ಬರಲು ಬೇರೆ ಕಾರಣ. ಬೆಳ್ಳಂದೂರು ಕೆರೆಯ ನೊರೆ ಎಲ್ಲರೂ ನೋಡಿದ್ದೀರಿ. ರಸ್ತೆಗೆ ಹಾರಿ ಬಂದು ಬೈಕಿನವರ ಮೈಮೇಲೆ ಬೀಳುತ್ತಿತ್ತು. 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಆ ಕೆರೆಗೆ ಬೆಂಕಿಯೂ ಬಿತ್ತು. ಶುದ್ಧ ಮಾಡದೆ ಬಿಟ್ಟ ಚರಂಡಿ ನೀರು ಅದು. ಅದರಲ್ಲಿ ನಮ್ಮೆಲ್ಲರ ಮನೆಯ ಡಿಟರ್ಜೆಂಟ್ ಇತ್ತು. ತಪ್ಪು ನಮ್ಮೊಬ್ಬರದ್ದೇ ಅಲ್ಲ ಸರಿ, ಆದರೆ ನಮ್ಮ ಪಾಲಿನದನ್ನು ಕಡಿಮೆ ಮಾಡಬಹುದು ಅಲ್ವಾ.

ಕಪ್ಪು ಹಲಗೆ

ಸಿಪ್ಪೆ ಡಬ್ಬಿಯವರೇ, ಒಳ್ಳೆಯ ಕೆಲಸ. ಒಂದು ಎಚ್ಚರಿಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ. ಬಯೋಎಂಜೈಮ್ ಕೂಡ ಆಮ್ಲ. ನಿಂಬೆರಸ, ವಿನೆಗರ್, ಸಿಟ್ರಿಕ್ ಆಸಿಡ್ ಎಲ್ಲವೂ ಆಮ್ಲ. ಇವುಗಳಲ್ಲಿ ಯಾವುದನ್ನು ಬ್ಲೀಚಿಂಗ್ ಪೌಡರ್ ಮೇಲೆ ಸುರಿದರೂ ಬರುವುದು ಅದೇ ಕ್ಲೋರಿನ್. ಪ್ರಮಾಣ ಕಡಿಮೆ ಇರಬಹುದು, ಅನಿಲ ಬೇರೆಯದಲ್ಲ. ಮನೆಯಲ್ಲಿ ಮಾಡಿದ್ದು ತಾನೇ ಅಂತ ಯಾರೂ ಧೈರ್ಯ ಮಾಡಬೇಡಿ. ಅಮೆರಿಕದಲ್ಲಿ 2020ರಲ್ಲಿ ಒಬ್ಬ ಹೆಂಗಸು ಸಿಂಕಿನಲ್ಲಿ ಬ್ಲೀಚು, ವಿನೆಗರ್, ಬಿಸಿನೀರು ಸೇರಿಸಿ ತರಕಾರಿ ನೆನೆಹಾಕಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ದಾಖಲಿಸಿದೆ. ವಿನೆಗರ್ ಅಡಿಗೆಮನೆಯದ್ದೇ ಆಗಿತ್ತು.

ಬ್ಲೀಚಿನ ಜೊತೆ ನೀರು ಬಿಟ್ಟು ಏನೂ ಸೇರಿಸಬಾರದು. ಒಂದು ಬಳಸಿದ ಜಾಗದಲ್ಲಿ ಇನ್ನೊಂದು ಬೇಕಾದರೆ ಮಧ್ಯೆ ಪೂರ್ತಿ ತೊಳೆದು, ಸಾಧ್ಯವಾದರೆ ಬೇರೆ ದಿನ ಬಳಸಿ.

ಮೂರನೇ ಮಹಡಿ

ಸಿಟ್ರಿಕ್ ಆಸಿಡ್ ಹಾಕಿ ನೋಡಿದೆ ಸರ್. ಪೂರ್ತಿ ಹೋಗಿಲ್ಲ, ಆದರೆ ಗೆರೆ ತೆಳ್ಳಗಾಗಿದೆ, ಮೇಲಿನ ಪದರ ಬ್ರಷ್‌ಗೆ ಸಿಪ್ಪೆ ಸಿಪ್ಪೆಯಾಗಿ ಬಂತು. ಮುಂದುವರಿಸುತ್ತೇನೆ.

ಆದರೂ ಒಂದು ಮಾತು ಹೇಳಲೇಬೇಕು. ಮೂರು ತಿಂಗಳು ಸಿಪ್ಪೆ ಕೊಳೆಸಿ, ರಾತ್ರಿ ಕಾಯಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದೂ ಕೊನೆಗೆ ಹೆಂಗಸರ ತಲೆ ಮೇಲೇ ಬೀಳುತ್ತದೆ. ಅಂಗಡಿಯಲ್ಲಿ "ಆರ್ಗ್ಯಾನಿಕ್" ಅಂತ ಬರೆದ ಬಾಟಲಿ ಮಾಮೂಲಿನದಕ್ಕಿಂತ ಎಷ್ಟೋ ದುಬಾರಿ. ಒಳಗೆ ಏನಿದೆ ಅಂತ ಅದರ ಮೇಲೂ ಸರಿಯಾಗಿ ಬರೆದಿರುವುದಿಲ್ಲ.

ಸಿಲಿಕಾನ್ ಕಣಿವೆ (ಕ್ಯಾಲಿಫೋರ್ನಿಯಾ)

ಬರೆದಿರುವುದಿಲ್ಲ ಅಂದಿರಲ್ಲ, ಅದಕ್ಕೆ. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಒಂದು ಕಾನೂನು ಮಾಡಿದರು. ಶುಚಿ ಮಾಡುವ ವಸ್ತುಗಳ ಒಳಗೆ ಏನಿದೆ ಅಂತ ಕಂಪನಿಗಳು 2020ರಿಂದ ತಮ್ಮ ಜಾಲತಾಣದಲ್ಲೂ, 2021ರಿಂದ ಬಾಟಲಿ ಮೇಲೂ ಹೇಳಬೇಕು. ಬರೀ "ಸುಗಂಧ" ಅಂತ ಬರೆದು ಎಲ್ಲವನ್ನೂ ಅದರೊಳಗೆ ಮುಚ್ಚಿಡುವುದು ಈಗ ಮೊದಲಿನಷ್ಟು ಸುಲಭ ಅಲ್ಲ. ಇಂಥದ್ದು ನಮ್ಮ ದೇಶದಲ್ಲೂ ಬೇಕು ಅಂತ ಗಟ್ಟಿಯಾಗಿ ಕೇಳಬೇಕು.

ಇಲ್ಲಿಗೆ ಹೊಸದಾಗಿ ಬರುವ ನಮ್ಮವರಿಗೂ ಒಂದು ಮಾತು. ಇಲ್ಲಿನ ಗಾಜು ಒರೆಸುವ ಕೆಲವು ಸ್ಪ್ರೇಗಳಲ್ಲಿ ಅಮೋನಿಯಾ ಇರುತ್ತದೆ. ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಮಿನ್ ಅನ್ನುವ ಇನ್ನೊಂದು ವಿಷಾನಿಲ ಬರುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಮನೆಯಲ್ಲಿ ಒಬ್ಬರೇ ಇರುವಾಗ ಯಾವ ಬಾಟಲಿ ಯಾವುದಕ್ಕೆ ಅಂತ ಕನ್ನಡದಲ್ಲಿ ಬರೆದು ಅಂಟಿಸಿಡಿ.

ಐದು ಮನೆ ಕೆಲಸ (ಬೆಂಗಳೂರು)

ನಮ್ಮಮ್ಮ ಮನೆಕೆಲಸ ಮಾಡುತ್ತಾರೆ. ನಾನು ಓದುತ್ತಿದ್ದೇನೆ. ಇಷ್ಟು ಹೊತ್ತು ಓದಿದೆ, ಈಗ ಬರೆಯುತ್ತೇನೆ.

"ಕೆಲಸದವರೇ ಆಸಿಡ್ ಕೇಳುತ್ತಾರೆ" ಅಂದಿರಿ. ಹೌದು ಅಣ್ಣ, ಕೇಳುತ್ತಾರೆ. ಯಾಕೆ ಅಂದರೆ ಒಂದು ಮನೆಗೆ ಸಿಗುವ ಹೊತ್ತು ಒಂದು ಗಂಟೆ. ಅಷ್ಟರಲ್ಲಿ ಪಾತ್ರೆ, ಕಸ, ನೆಲ, ಬಚ್ಚಲು ಎಲ್ಲ ಮುಗಿಯಬೇಕು. ಕಲೆ ಉಳಿದರೆ ಮಾತು ಕೇಳಬೇಕು. ಒಂದು ಗಂಟೆ ಉಜ್ಜುವುದಕ್ಕೆ ಯಾರೂ ಜಾಸ್ತಿ ದುಡ್ಡು ಕೊಡುವುದಿಲ್ಲ. ಅದಕ್ಕೇ ಆಸಿಡ್. ಅಮ್ಮನ ಬೆರಳಿನ ಸಂದಿ ಬಿರಿದು ಗೆರೆ ಗೆರೆಯಾಗಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ, ಬೆಳಿಗ್ಗೆ ಮತ್ತೆ ಅದೇ ಪುಡಿ, ಅದೇ ನೀರು. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಉರಿಯುತ್ತೆ ಅಂತ ಆ ಕೆಲಸ ನನಗೆ ಹೇಳುತ್ತಾರೆ.

ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಓದಿದ್ದೆ. ಆರು ಸಾವಿರಕ್ಕೂ ಜಾಸ್ತಿ ಜನರನ್ನು ಸುಮಾರು 20 ವರ್ಷ ಗಮನಿಸಿದ್ದಾರೆ. ಮನೆಯಲ್ಲಾಗಲಿ ಕೆಲಸಕ್ಕಾಗಲಿ ಶುಚಿ ಮಾಡುತ್ತಿದ್ದ ಹೆಂಗಸರ ಶ್ವಾಸಕೋಶದ ಬಲ, ಮಾಡದವರಿಗಿಂತ ಬೇಗ ಕುಗ್ಗಿತ್ತು. ಅಲ್ಲಿ ಕೈಗವಸು, ಕಿಟಕಿ, ಚೀಟಿ ಅಂಟಿಸಿದ ಬಾಟಲಿ ಎಲ್ಲ ಇರುತ್ತದೆ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಇಲ್ಲಿನವರ ಗತಿ?

ನೀವು ಮನೆಗೆ ಅಂಟುವಾಳ ತನ್ನಿ, ಸಿಟ್ರಿಕ್ ಆಸಿಡ್ ತನ್ನಿ, ಬಹಳ ಸಂತೋಷ. ಜೊತೆಗೆ ರಾತ್ರಿ ನೀವೇ ಅದನ್ನು ಸುರಿದಿಡಿ. ಅಮ್ಮ ಬೆಳಿಗ್ಗೆ ಬಂದು ಬ್ರಷ್ ಹಾಕಿದರೆ ಸಾಕು. ಅವರ ಅಳತೆಗೆ ಆಗುವ ಒಂದು ಜೊತೆ ರಬ್ಬರ್ ಕೈಗವಸು ತಂದಿಡಿ. ಉದ್ದ ಹಿಡಿಯ ಬ್ರಷ್ ಕೊಡಿ, ನಿಂತು ಉಜ್ಜಬಹುದು. ಇದಕ್ಕೆಲ್ಲ ಬಹಳ ಖರ್ಚಾಗುವುದಿಲ್ಲ.

ಮೂರನೇ ಮಹಡಿ

ತಂಗೀ, ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಉದ್ದ ಹಿಡಿಯ ಬ್ರಷ್ ಮತ್ತು ಕೈಗವಸು ಈ ಭಾನುವಾರವೇ ತರುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲೂ ಇದನ್ನು ಹಾಕುತ್ತೇನೆ. ಹೌಸ್‌ಕೀಪಿಂಗ್‌ನವರಿಗೆ ಅಸೋಸಿಯೇಷನ್ನೇ ಕ್ಯಾನ್‌ಗಟ್ಟಲೆ ಆಸಿಡ್ ತರಿಸುತ್ತಿದೆ, ಅದನ್ನು ಮೊದಲು ನಿಲ್ಲಿಸಬೇಕು.

ಹಿತ್ತಲ ಬಾಗಿಲು

ನಿನ್ನ ಮಾತನ್ನು ಎದುರು ಮನೆಯವರಿಗೆ ಓದಿ ಹೇಳಿದೆ ಮಗಳೇ. ಅವರು ಆಸ್ಪತ್ರೆ ಖರ್ಚು ಕೊಟ್ಟಿದ್ದಾರೆ, ಅಕ್ಕನಿಗೆ ಸುಧಾರಿಸುವವರೆಗೆ ಸಂಬಳ ಕಡಿಯದೆ ರಜೆ ಕೊಡುತ್ತೇವೆ ಅಂದಿದ್ದಾರೆ. ಅಷ್ಟಾದರೂ ಆಯಿತು.

ಈಗ ಅವರ ಮನೆಯಲ್ಲೂ ಅಕ್ಕಪಕ್ಕದಲ್ಲೂ ಅರ್ಧ ಉಳಿದ ಆಸಿಡ್ ಬಾಟಲಿಗಳಿವೆ. ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈ ಸುಡುತ್ತದೆ. ಏನು ಮಾಡಬೇಕು ಸರ್?

ಕಪ್ಪು ಹಲಗೆ

ಕಸದ ಗಾಡಿಗೆ ಖಂಡಿತ ಬೇಡ. ದೊಡ್ಡ ಪ್ರಮಾಣ ಇದ್ದರೆ ಮುಟ್ಟಬೇಡಿ. ಮನೆಯ ಅಪಾಯಕಾರಿ ಕಸ ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಪಾಲಿಕೆಯವರನ್ನು ಕೇಳಿ ಅಲ್ಲಿಗೇ ಕೊಡಿ. ಮೂರನೇ ಮಹಡಿಯವರ ಕ್ಯಾನ್‌ಗಳಿಗೂ ಇದೇ.

ತಳದಲ್ಲಿ ಸ್ವಲ್ಪ ಉಳಿದದ್ದಾದರೆ ಹೀಗೆ ಮಾಡಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ. ಕೈಗವಸು, ಕನ್ನಡಕ ಇರಲಿ. ಪ್ಲಾಸ್ಟಿಕ್ ಬಕೆಟ್‌ನ ಮುಕ್ಕಾಲು ನೀರು ತುಂಬಿ, ಅದಕ್ಕೆ ಆಸಿಡನ್ನು ನಿಧಾನಕ್ಕೆ ಸಣ್ಣ ಧಾರೆಯಾಗಿ ಬಿಡಿ. ನೀರಿಗೆ ಆಸಿಡ್, ಆಸಿಡಿಗೆ ನೀರಲ್ಲ. ಆಮೇಲೆ ಅಡಿಗೆ ಸೋಡಾ ಒಂದೊಂದೇ ಚಮಚ ಹಾಕುತ್ತಾ ಹೋಗಿ. ಬುರುಗು ಏಳುತ್ತದೆ. ಸೋಡಾ ಹಾಕಿದರೂ ಬುರುಗು ಬಾರದ ಹಂತ ಬಂದಾಗ ಆಮ್ಲ ಮುಗಿದಿದೆ ಅಂತ ಅರ್ಥ, ಉಳಿದದ್ದು ಉಪ್ಪುನೀರು. ಆಗ ಜಾಸ್ತಿ ನೀರಿನ ಜೊತೆ ಮೋರಿಗೆ ಬಿಡಬಹುದು. ಆ ಮೋರಿಗೆ ಅವತ್ತು ಬ್ಲೀಚಿಂಗ್ ಪೌಡರ್ ಬಿದ್ದಿರಬಾರದು.

ಖಾಲಿ ಬಾಟಲಿಯನ್ನೂ ಅದೇ ಸೋಡಾ ನೀರಲ್ಲಿ ಅಲುಗಾಡಿಸಿ ತೊಳೆದು, ಯಾರೂ ನೀರು ತುಂಬಿಸಿಕೊಳ್ಳದ ಹಾಗೆ ಪಕ್ಕದಲ್ಲಿ ತೂತು ಮಾಡಿ ಒಣಕಸಕ್ಕೆ ಹಾಕಿ.